ಸಾಂತ್ವನದ ಪದ್ಯವನ್ನು ಯಾರಿಗೆ ಹೇಳಬೇಕು?

2009ರ ನವೆಂಬರಿನ ಮಳೆಯನ್ನು ನೀಲಗಿರಿಯ ಹಿರಿಯರು ಮರೆತಿರಲಾರರು. ಕೂನೂರು, ಕೋತಗಿರಿ, ಉದಕಮಂಡಲದ ಸುತ್ತಮುತ್ತ ಗುಡ್ಡಗಳು ಕುಸಿದವು, ರಸ್ತೆಗಳು ಕಡಿದುಹೋದವು, 40ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಆ ವಾರ ನಾವು ಒಂದು ಮನೆಗೆ ಹೋಗಿದ್ದೆವು. ಮಗನನ್ನು ಕಳೆದುಕೊಂಡ ತಂದೆ ಜಗಲಿಯ ಮೇಲೆ ಕುಳಿತಿದ್ದರು. ದಶಕಗಳ ಕಾಲ ಪಾಠ ಹೇಳಿದ ಬಾಯಿ ಸುಮ್ಮನಿರುವುದನ್ನು ಅರಿಯದು. 'ಮಂಕುತಿಮ್ಮನ ಕಗ್ಗ'ದ ಪದ್ಯವೊಂದನ್ನು ಹೇಳಿ, ತರಗತಿಯಲ್ಲಿ ಮಾಡುವಂತೆ ಅದರ ಅರ್ಥವನ್ನೂ ವಿವರಿಸಿದೆವು. ಅವರು ನಮ್ಮನ್ನು ಒಮ್ಮೆ ನೋಡಿದರು. ಎದ್ದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಪದ್ಯದಲ್ಲಿ ದೋಷವಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿತ್ತು? ಈ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿತು.

ಡಿ.ವಿ.ಜಿ.ಯವರ ಕಗ್ಗ ಪ್ರಕಟವಾದದ್ದು 1943ರಲ್ಲಿ. ಅದರ 945 ಪದ್ಯಗಳ ಕೊನೆಯಲ್ಲಿ ಬರುವ ಅಂಕಿತವನ್ನು ನಾವು ಮಕ್ಕಳಿಗೆ ನೂರಾರು ಸಲ ತೋರಿಸಿದ್ದೇವೆ. ಆದರೆ ಅದನ್ನು ಸರಿಯಾಗಿ ಗಮನಿಸಿರಲಿಲ್ಲ. ಕವಿ ಬುದ್ಧಿ ಹೇಳುತ್ತಿರುವುದು ಊರಿಗಲ್ಲ, ಮಂಕುತಿಮ್ಮನಿಗೆ. ಆ ತಿಮ್ಮನೋ ಕವಿಯ ಒಳಗೇ ಇರುವವನು. ಕಿರಿಯ ವಯಸ್ಸಿನಲ್ಲೇ ಪತ್ನಿಯನ್ನು ಕಳೆದುಕೊಂಡ ಆ ಮಹನೀಯರು ತಮಗೆ ತಾವು ಹೇಳಿಕೊಂಡ ಮಾತನ್ನು ನಾವು ಕೊಂಡೊಯ್ದು ಮತ್ತೊಬ್ಬರ ಹಸಿಗಾಯದ ಮೇಲೆ ಇಟ್ಟಿದ್ದೆವು. ತಾಳ್ಮೆಯನ್ನು ತನಗೆ ಬೋಧಿಸಿಕೊಂಡರೆ ಅದು ಸಾಧನೆ. ನೊಂದವರಿಗೆ ಬೋಧಿಸಿದರೆ ಅದು ಎಷ್ಟೋ ಸಲ ನಿರ್ದಯೆ.

ಬೇಂದ್ರೆಯವರು ಇದನ್ನು ಬಲ್ಲರು. ಮಕ್ಕಳ ಸಾವನ್ನು ಮತ್ತೆ ಮತ್ತೆ ಕಂಡ ಆ ಕವಿ, ಮಗುವಿನ ಮರಣದ ಎದುರು ಗಂಡನೊಬ್ಬ ಹೆಂಡತಿಯೊಡನೆ ಆಡುವ ಮಾತನ್ನು ಕವಿತೆಯಾಗಿಸಿದರು. ಅಲ್ಲಿ ವೇದಾಂತದ ಉಪದೇಶವಿಲ್ಲ. ಅವಳ ನೋಟವನ್ನು ತಾಳಲಾರೆನೆಂಬ ಅಸಹಾಯತೆ ಮಾತ್ರ ಇದೆ. ದುಃಖದಲ್ಲಿ ಪಾಲುಗೊಂಡವನಿಗೆ ವಿವರಿಸಲು ಏನಿರುತ್ತದೆ?

ಇನ್ನು ನಮ್ಮ ಬೆಟ್ಟದ ಮಾತು. ಕನ್ನಡಕ್ಕೆ ಅತಿ ಸಮೀಪದ ನುಡಿಯನ್ನಾಡುವ ಬಡಗ ಬಂಧುಗಳ ಸಂಪ್ರದಾಯದಲ್ಲಿ, ಶವಸಂಸ್ಕಾರದ ವೇಳೆ ಹಿರಿಯರೊಬ್ಬರು ಮೃತರು ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ರಾಗವಾಗಿ ಹೇಳುತ್ತಾರೆ: ಪ್ರಾಣಿಹಿಂಸೆ, ನೆರೆಯವನ ಹೊಲದ ಎಲ್ಲೆ ಒತ್ತಿದ್ದು, ಒಡಹುಟ್ಟಿದವರಲ್ಲಿ ಜಗಳ ಹಚ್ಚಿದ್ದು. ಸುತ್ತ ನೆರೆದವರೆಲ್ಲ ಅದಕ್ಕೆ ದನಿಗೂಡಿಸಿ, ಆ ಪಾಪ ನೀಗಲೆಂದು ಬೇಡುತ್ತಾರೆ. ಚಾರ್ಲ್ಸ್ ಗೋವರ್ 1871ರಲ್ಲಿ ಹೊರತಂದ ದಕ್ಷಿಣ ಭಾರತದ ಜನಪದ ಹಾಡುಗಳ ಗ್ರಂಥದಲ್ಲಿ ಬಡಗರ ಹಾಡುಗಳಿಗೂ ಸ್ಥಾನ ಸಿಕ್ಕಿದೆ. ಅಲ್ಲಿ ಒಬ್ಬರು ಹೇಳುವವರು, ಒಬ್ಬರು ಕೇಳುವವರು ಎಂಬುದಿಲ್ಲ. ಇಡೀ ಹಟ್ಟಿಯೇ ಭಾರಕ್ಕೆ ಹೆಗಲು ಕೊಡುತ್ತದೆ. ಪದವಿ ಪಡೆದ ನಮಗಿಂತ ಆ ಹಿರಿಯರಿಗೆ ಕಾವ್ಯದ ಉಪಯೋಗ ಚೆನ್ನಾಗಿ ತಿಳಿದಿತ್ತೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಮತ್ತೊಂದು ಮಾತನ್ನೂ ಹೇಳಬೇಕು. ಎಲ್ಲ ಕಷ್ಟವೂ ವಿಧಿಯಲ್ಲ. ಹಸಿರೆಲೆಗೆ ತಕ್ಕ ಬೆಲೆ ಸಿಗದ ಸಣ್ಣ ಬೆಳೆಗಾರನಿಗೆ, ಆನೆ ತುಳಿದ ಬಾಳೆತೋಟದ ಮುಂದೆ ನಿಂತ ಗೂಡಲೂರಿನ ರೈತನಿಗೆ, 'ಬಂದದ್ದನ್ನು ಅನುಭವಿಸು' ಎನ್ನುವವರು ಕಾವ್ಯವನ್ನು ಮರೆಯಾಗಿಟ್ಟುಕೊಂಡು ಕೈ ತೊಳೆದುಕೊಳ್ಳುತ್ತಾರೆ. ಕಾಯಕವನ್ನು ಸಾರಿದ ಶರಣರ ನಾಡಿನಲ್ಲಿ ಇದು ಸಲ್ಲದು. ಕಗ್ಗ ಬರೆದವರೂ ಕೈಕಟ್ಟಿ ಕುಳಿತವರಲ್ಲ. ಜೀವನವಿಡೀ ಪತ್ರಿಕೆ, ಸಾರ್ವಜನಿಕ ಸೇವೆಗಳಲ್ಲಿ ದುಡಿದು, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದವರು.

ಆ ತಂದೆಯನ್ನು ನಾವು ಮತ್ತೆ ಕಂಡದ್ದು ಎರಡು ವರ್ಷಗಳ ನಂತರ, ಕೂನೂರಿನ ಮಾರುಕಟ್ಟೆಯಲ್ಲಿ. ಕ್ಷಮೆ ಕೇಳಬೇಕೆಂದುಕೊಂಡೆವು, ಮಾತು ಹೊರಡಲಿಲ್ಲ. ಅವರೇ ಹತ್ತಿರ ಬಂದು, "ಬನ್ನಿ ಮೇಷ್ಟ್ರೇ, ಟೀ ಕುಡಿಯೋಣ" ಎಂದರು. ಅಂಗಡಿಯ ಬೆಂಚಿನ ಮೇಲೆ ಕುಳಿತು, ಮಗ ಶಾಲೆಯಲ್ಲಿ ಮಾಡಿದ್ದ ತುಂಟತನವೊಂದನ್ನು ನೆನೆದು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಗಂಟೆಗೂ ಮಿಕ್ಕಿ ಅವರು ಮಗನ ಬಗೆಗೆ ಹೇಳುತ್ತಿದ್ದರು. ನಾವು ಕೇಳುತ್ತ ಕುಳಿತಿದ್ದೆವು.