ಹೊಂದಿಸಿಕೊಳ್ಳುವವರು

ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರ ಅವಧಿ ಸಾಮಾನ್ಯವಾಗಿ 27 ತಿಂಗಳು. ಮೊದಲ ಮೂರು ತಿಂಗಳು ತರಬೇತಿ. ಆಗ ಹೆಚ್ಚಿನವರು ಉಳಿಯುವುದು ಸ್ಥಳೀಯ ಕುಟುಂಬವೊಂದರ ಮನೆಯಲ್ಲಿ. ಬಟ್ಟೆ ಎಲ್ಲಿ ಒಗೆಯಬೇಕು, ಹಿರಿಯರನ್ನು ಹೇಗೆ ಕರೆಯಬೇಕು, ಎರಡನೆಯ ಸಲ ಬಡಿಸಿದ್ದನ್ನು ಯಾವಾಗ ಬೇಡ ಎನ್ನಬಾರದು, ಎಲ್ಲವನ್ನೂ ಆ ಮನೆಯವರೇ ಹೇಳಿಕೊಡಬೇಕು. ಪದವೀಧರನೊಬ್ಬ ಆರು ವರ್ಷದ ಹುಡುಗಿಯಿಂದ ವ್ಯಾಕರಣ ತಿದ್ದಿಸಿಕೊಳ್ಳುವ ಕಾಲ ಅದು. ಇದನ್ನು ನಾವು ‘ಹೊಂದಿಕೊಳ್ಳುವುದು’ ಎನ್ನುತ್ತೇವೆ, ಕಷ್ಟವೆಲ್ಲ ಬಂದವನದೇ ಎಂಬಂತೆ. ಹೊಂದಿಸಿಕೊಳ್ಳುವವರ ಶ್ರಮಕ್ಕೆ ‘ಸೇವೆ’ ಎಂಬ ಹೆಸರಿಲ್ಲ. ಊಟ-ವಸತಿಗೆ ಹಣ ಸಲ್ಲುತ್ತದೆ, ನಿಜ. ತಾಳ್ಮೆಗೆ ದರ ಕಟ್ಟುವುದು ಹೇಗೆ?

1968ರಲ್ಲಿ ಮೆಕ್ಸಿಕೊದಲ್ಲಿ ಇವಾನ್ ಇಲಿಚ್ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಎದುರೇ ನಿಂತು, ನೋಡಲು, ಕಲಿಯಲು ಬರಬಹುದು, ಸಹಾಯಕ್ಕೆಂದು ಮಾತ್ರ ಬರಬಾರದು ಎಂಬರ್ಥದಲ್ಲಿ ಮಾತಾಡಿದ್ದರು. ಆ ಸಿಟ್ಟು ನನಗೆ ಇಷ್ಟ. ಆದರೆ ಕಲಿಯಲು ಬಂದವನೂ ಯಾರದೋ ಅಡುಗೆಮನೆಯಲ್ಲಿ ತಟ್ಟೆಯೊಂದನ್ನು ಹೆಚ್ಚಿಸುತ್ತಾನಲ್ಲ! ಬರಬೇಕೋ ಬೇಡವೋ ಎಂಬುದಕ್ಕಿಂತ, ಲೆಕ್ಕ ಬರೆಯುವವರು ಯಾರು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ಅವಧಿ ಮುಗಿದಾಗ ಸ್ವಯಂಸೇವಕ ಏನೇನು ಮಾಡಿದ ಎಂಬ ದಾಖಲೆಯೊಂದು ಸಿದ್ಧವಾಗುತ್ತದೆ. ಅದನ್ನು ಆ ಹುಡುಗಿ ಬರೆಯುವುದಾದರೆ, ಅವನಿಗೆ ತನ್ನ ಭಾಷೆಯಲ್ಲಿ ‘ನೀರು’ ಎನ್ನಲು ಬಾರದಿದ್ದ ದಿನದಿಂದ ಶುರುಮಾಡಿಯಾಳು.