ಮಸಿಯ ಲೆಕ್ಕ

ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಬಿಸಿಲಿಗೆ ಹಿಡಿದು, ಅಂಗಡಿಯವನ ತಾಳ್ಮೆಯನ್ನೆಲ್ಲ ಸೋಸಿ ನೋಡುವ ನಾನು ಮಗಳಿಗೆ ಪ್ರಿಂಟರ್ ಕೊಂಡದ್ದು ಹತ್ತೇ ನಿಮಿಷದಲ್ಲಿ. 2022ರಲ್ಲಿ ಅವಳು ಧಾರವಾಡದಲ್ಲಿ ಎಂ.ಎಸ್.ಡಬ್ಲ್ಯೂ. ಸೇರಿದ್ದಳು. ವಾರವಾರ ವರದಿ ಬರೆದು ಕೊಡಬೇಕು, ಜೆರಾಕ್ಸ್ ಅಂಗಡಿ ರೂಮಿನಿಂದ ದೂರ, ರಾತ್ರಿಯಾದರೆ ಮುಚ್ಚಿಬಿಡುತ್ತದೆ. ನಮ್ಮೂರ ಅಂಗಡಿಯ ಹುಡುಗ ಎರಡು ಪೆಟ್ಟಿಗೆ ತಂದಿಟ್ಟ. ಒಂದು 3,500 ರೂಪಾಯಿ, ಇನ್ನೊಂದು 11,000.

"ಅದರಲ್ಲಿ ಏನಪ್ಪಾ ಹೆಚ್ಚು?" ಅಂದೆ.

"ಅದಕ್ಕೆ ಬಾಟಲಿಯಿಂದ ಮಸಿ ಹೊಯ್ಯೋದು, ಮೇಡಂ."

ಬಾಟಲಿಯಿಂದ ಹೊಯ್ಯುವ ಭಾಗ್ಯಕ್ಕೆ ಏಳೂವರೆ ಸಾವಿರ ಹೆಚ್ಚು ಕೊಡಲು ನಾನೇನು ದಡ್ಡಿಯೇ? ಚಿಕ್ಕದನ್ನೇ ಕಟ್ಟಿಸಿಕೊಂಡು, ಗೆದ್ದವಳ ಹಾಗೆ ಮನೆಗೆ ಬಂದೆ.

ಮೂರು ತಿಂಗಳ ಮೇಲೆ ಅವಳ ರೂಮಿಗೆ ಹೋದರೆ, ಪ್ರಿಂಟರಿನ ಮೇಲೆ ಕಸೂತಿ ಬಟ್ಟೆ, ಅದರ ಮೇಲೆ ಎಣ್ಣೆ ಬಾಟಲಿ, ಬಾಚಣಿಗೆ. ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟಳು. ಕಪ್ಪು ಮಸಿಯ ಡಬ್ಬಿಗೆ ಸುಮಾರು 800 ರೂಪಾಯಿ. ಬರುವುದು 120 ಪುಟದ ಆಸುಪಾಸು. ಅಂದರೆ ಹಾಳೆಯೊಂದಕ್ಕೆ ಆರೂವರೆ ರೂಪಾಯಿ! ಅಂಗಡಿಯಲ್ಲಿ ಎರಡೇ ರೂಪಾಯಿ. ಸಾಲದ್ದಕ್ಕೆ ದಸರಾ ರಜೆಗೆ ಊರಿಗೆ ಬಂದಾಗ ಮಸಿ ಒಣಗಿ ತೂತು ಕಟ್ಟಿತ್ತಂತೆ. ಅದನ್ನು ತೊಳೆಯುವುದಕ್ಕೆ ಯಂತ್ರ ಮತ್ತೆ ಮಸಿಯನ್ನೇ ಕುಡಿಯುತ್ತದೆ. "ಎರಡನೇ ಡಬ್ಬಿಗೆ ನಿನ್ನ ಕೇಳೋಕೆ ಮನಸ್ಸು ಬರಲಿಲ್ಲಮ್ಮ. ಸಂಜೆ ತಿಂಡಿ ಬಿಟ್ಟೆ" ಅಂದಳು, ನಗುತ್ತಲೇ.

ಬಸ್ಸಿನಲ್ಲಿ ವಾಪಸು ಬರುವಾಗ ಅದೇ ಮಾತು ಕೊರೆಯಿತು. ನಾನು ಉಳಿಸಿದೆನೆಂದುಕೊಂಡದ್ದನ್ನು ಉಳಿಸಿದ್ದು ಎಲ್ಲಿಂದ? ಅವಳ ತಟ್ಟೆಯಿಂದ. ಇದನ್ನು ಉಳಿತಾಯ ಅನ್ನುವುದೋ, ಖರ್ಚನ್ನು ಎದುರು ಮಾತಾಡದವರ ತಲೆಗೆ ದಾಟಿಸುವುದೆನ್ನುವುದೋ?

ಅಂಗಡಿಯವನನ್ನು ಬೈಯೋಣವೆಂದರೆ ಅವನು ಸುಳ್ಳು ಹೇಳಿರಲಿಲ್ಲ. ಯಂತ್ರವನ್ನು ಅಗ್ಗಕ್ಕೆ ಕೊಟ್ಟು ಮಸಿಯಲ್ಲಿ ಲಾಭ ತೆಗೆಯುವುದು ಈ ವ್ಯಾಪಾರದಲ್ಲಿ ಗುಟ್ಟೇನೂ ಅಲ್ಲ. ಬಿಸ್ಕತ್ತು ಪೊಟ್ಟಣದ ತಾರೀಖು ಓದುವ ನಾನು, ಒಂದು ಡಬ್ಬಿಗೆ ಎಷ್ಟು ಪುಟ ಎಂದು ಕೇಳಲೇ ಇಲ್ಲ.

ನಮ್ಮಮ್ಮನೂ ದುಬಾರಿಯಾಗಿಯೇ ಕೊಳ್ಳುತ್ತಿದ್ದಳು. ದಿನಾ ಸಂಜೆ ಸಣ್ಣ ಶೀಸೆಯಲ್ಲಿ ಕೊಬ್ಬರಿ ಎಣ್ಣೆ ತರಿಸುತ್ತಿದ್ದಳು. ಡಬ್ಬಿ ಲೆಕ್ಕದಲ್ಲಿ ತರಿಸುವ ಎದುರುಮನೆಯವರಿಗೆ ಅದೇ ಎಣ್ಣೆ ಅಗ್ಗ. ಅವಳಿಗೆ ಅದು ಗೊತ್ತಿತ್ತು. ಆದರೆ ಡಬ್ಬಿಯ ದುಡ್ಡು ಒಟ್ಟಿಗೆ ಕೈಲಿರಲಿಲ್ಲ. ಇಲ್ಲದವರೇ ಹೆಚ್ಚು ತೆರಬೇಕಾಗುವ ಈ ಅನ್ಯಾಯ ಪ್ರಿಂಟರಿನ ಜೊತೆ ಹುಟ್ಟಿದ್ದಲ್ಲ. ಅಮ್ಮನನ್ನು ಯಾರೂ ತಪ್ಪೆನ್ನುವಂತಿಲ್ಲ. ನನ್ನ ಕೈಲಿ ಮಾತ್ರ ದುಡ್ಡಿತ್ತು. ಹಿಂದಿನ ವರ್ಷ ಮಗನ ಲ್ಯಾಪ್‌ಟಾಪಿಗೆ ನಾವಿಬ್ಬರೂ ಮೂರು ಅಂಗಡಿ ಸುತ್ತಿದ್ದೆವು, ಎರಡು ದಿನ ಚರ್ಚೆ ಮಾಡಿದ್ದೆವು. ಇದನ್ನು ನಮ್ಮವರ ಹತ್ತಿರ ಅಂದಾಗ ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಬಾಟಲಿಯ ಯಂತ್ರ ತೆಗೆಸಿಕೊಡುತ್ತೇನೆಂದು ಫೋನ್ ಮಾಡಿದೆ. ಪಶ್ಚಾತ್ತಾಪಕ್ಕೆ ಅವಸರ ಜಾಸ್ತಿ. ಅವಳು ತಡೆದಳು. "ನನಗೊಬ್ಬಳಿಗೆ ಎರಡು ವರ್ಷಕ್ಕೆ ಸಾವಿರ ಪುಟ ಆದೀತು. ಜೆರಾಕ್ಸ್ ಅಂಗಡಿಯಲ್ಲಿ ಎರಡು ಸಾವಿರಕ್ಕೆ ಮುಗಿಯುತ್ತೆ. ಬರೀ ನನಗಾದರೆ ಆ ಪ್ರಿಂಟರೂ ದಂಡವೇ." ನನಗೆ ಇದು ಹೊಳೆದೇ ಇರಲಿಲ್ಲ. ಕೊನೆಗೆ ರೂಮಿನ ಮೂವರೂ ಸೇರಿ ತಲಾ ಸುಮಾರು 3,700 ಹಾಕಿ ಕೊಂಡರು. ಹೆಚ್ಚುಕಡಿಮೆ ನಾನು ಮೊದಲು ಕೊಟ್ಟಷ್ಟೇ! ಒಂದು ಬಾಟಲಿ ಕಪ್ಪು ಮಸಿ ಸಾವಿರಾರು ಪುಟಕ್ಕೆ ಬರುತ್ತದೆ, ಹಾಳೆಗೆ ಮಸಿಯ ಖರ್ಚು ಪೈಸೆಗಳಲ್ಲಿ. ಎಪ್ಸನ್ ಕಂಪನಿ ಇದನ್ನು 2010ರಲ್ಲಿ ಮೊದಲು ಮಾರಿದ್ದು ಇಂಡೋನೇಷ್ಯಾದಲ್ಲಂತೆ. ಅಲ್ಲಿಯ ಜನ ಡಬ್ಬಿಯ ಬೆಲೆಗೆ ಬೇಸತ್ತು ತಾವೇ ಹೊರಗಿನಿಂದ ತೊಟ್ಟಿ, ನಳಿಕೆ ಜೋಡಿಸಿಕೊಳ್ಳುತ್ತಿದ್ದರಂತೆ. ಅವರ ಮೇಲೆ ನನಗೆ ಗೌರವ ಬಂತು.

ಹಳೆಯದು ಈಗ ನಮ್ಮ ಮನೆಯಲ್ಲಿದೆ. ವಾರಕ್ಕೊಂದು ಪುಟವಾದರೂ ತೆಗೆಯದಿದ್ದರೆ ಒಣಗುತ್ತದೆಂದು ಮಗಳು ಎಚ್ಚರಿಸಿದ್ದಾಳೆ. ಹಾಗಾಗಿ ಪ್ರತಿ ಭಾನುವಾರ ಕಾಫಿಯಾದ ಮೇಲೆ, ಈ ವಾರ ಏನು ತೆಗೆಯೋಣವೆಂದು ನಮ್ಮವರು ಕನ್ನಡಕ ಹುಡುಕುತ್ತಾರೆ.