ಉಪಕಾರದಲ್ಲಿ ಒದಗಿದ ಹಾನಿ

ಎರೆಯ ಸೀಮೆಯಲ್ಲಿ ಒಂದು ಹದವಾದ ಮಳೆ ಬಿದ್ದಿತೆಂದರೆ ಹೊಲದ ದಾರಿಗಳು ಬಂಡಿಯ ಗಾಲಿಯನ್ನು ಹಿಡಿದರೆ ಬಿಡವು. ಅಂಥ ದಾರಿಯಲ್ಲಿ ಬೇಸಾಯಗಾರನೊಬ್ಬನು ಸಂಜೆಯ ಹೊತ್ತು ಹಳ್ಳವನ್ನು ದಾಟುತ್ತಿರುವಾಗ ಬಲಗಡೆಯ ಎತ್ತು ಹೊಟ್ಟೆಯವರೆಗೂ ಕೆಸರಿನಲ್ಲಿ ಹೂತುಹೋಯಿತೆಂದು ಭಾವಿಸಬೇಕು. ಮೇಲುಗಡೆ ಮಳೆಯಾಗಿ ಹಳ್ಳಕ್ಕೆ ನೀರು ಬರುವ ಸಪ್ಪಳ ಕೇಳುತ್ತಿದೆ. ದಂಡೆಯ ಮೇಲೆ ಇಬ್ಬರು ಮೂವರು ನಿಂತು ನೋಡಿ, ಕತ್ತಲಾಯಿತೆಂದು ತಮ್ಮ ದಾರಿ ಹಿಡಿದರು. ಪರವೂರಿನ ದಾರಿಹೋಕನೊಬ್ಬನು ಮಾತ್ರ ಹೆಗಲ ಗಂಟನ್ನು ಕೆಳಗಿರಿಸಿ ಕೆಸರಿಗಿಳಿದನು. ನೊಗ ಬಿಚ್ಚಿ ಎಡಗಡೆಯ ಎತ್ತನ್ನು ದಡ ಸೇರಿಸಿದನು. ಹೂತ ಎತ್ತಿಗೆ ಹಗ್ಗ ಬಿಗಿದು ಎಳೆದನು. ಎತ್ತು ಮೇಲೆ ಬಂದಿತು. ಆದರೆ ಅದರ ಹಿಂಗಾಲು ಮುರಿದಿತ್ತು.

ಆ ರಾತ್ರಿ ಬೇಸಾಯಗಾರನು ಆತನ ಕೈ ಹಿಡಿದು, "ನೀವು ಬಾರದಿದ್ದರೆ ಎರಡು ಎತ್ತುಗಳೂ ಬಂಡಿಯೂ ನೀರುಪಾಲಾಗುತ್ತಿದ್ದುವು, ಶಿವನೇ ನಿಮ್ಮನ್ನು ಕಳಿಸಿದ" ಎಂದು ಕಣ್ಣೀರು ತಂದನು, ಉಣಬಡಿಸಿ ಮನೆಯಲ್ಲಿಯೇ ಮಲಗಿಸಿಕೊಂಡನು. ಬೆಳಗಾಗುವಷ್ಟರಲ್ಲಿ ಮಾತು ಬದಲಾಯಿತು. ನೆಂಟರಿಷ್ಟರು ಕೂಡಿದರು. "ಮೊದಲು ಕಾಲ ಸುತ್ತಲಿನ ಕೆಸರನ್ನು ತೋಡಿ ತೆಗೆಯಬೇಕಾಗಿತ್ತು. ಹಾಗೆಯೇ ಎಳೆ ಎಂದು ಅವನಿಗೆ ಹೇಳಿದವರಾರು? ಎತ್ತಿನ ಬೆಲೆ ಕಟ್ಟಿಕೊಟ್ಟು ಹೋಗಲಿ" ಎಂದರು. ಬಿತ್ತಿಗೆಯ ದಿನಗಳು ಸಮೀಪಿಸಿವೆ. ಜೋಡೆತ್ತಿನಲ್ಲಿ ಒಂದು ಕುಳಿತರೆ ಆ ಮನೆಯ ವರ್ಷದ ಅನ್ನವೇ ಕುಳಿತಂತೆ. ಆದುದರಿಂದ ಆ ಮಾತನ್ನು ಬರಿಯ ದುರಾಸೆಯೆಂದು ತಳ್ಳಿಬಿಡುವಂತಿಲ್ಲ. ಆದರೂ ರಾತ್ರಿ ಕೈಮುಗಿದವನೇ ಬೆಳಗ್ಗೆ ಕೈಯೊಡ್ಡಿ ನಿಂತರೆ ಅವೆರಡರಲ್ಲಿ ಯಾವುದು ದಿಟವೆಂಬ ಪ್ರಶ್ನೆ ಏಳದೆ ಇರದು.

ಉಪಕಾರ, ಅಪಕಾರ ಎಂಬೆರಡು ಶಬ್ದಗಳೂ ಒಂದೇ ಧಾತುವಿನಿಂದ ಹುಟ್ಟಿದವು, ಉಪಸರ್ಗವೊಂದೇ ಬೇರೆ. ಲೋಕವು ಇವೆರಡನ್ನೂ ಒಂದು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಲು ಹೋಗುತ್ತದೆ. ಹಾನಿಯ ತಟ್ಟೆ ಕೆಳಗಾಯಿತೆಂದರೆ ಉಪಕಾರವು ನಡೆದೇ ಇಲ್ಲವೆಂದು ಬಗೆಯುತ್ತದೆ. ಆದರೆ ಕೃತಜ್ಞನೆಂಬ ಪದದ ಅರ್ಥವಾದರೂ ಏನು? ಕೃತವನ್ನು, ಅಂದರೆ ಮಾಡಿದುದನ್ನು, ಅರಿತವನು ಎಂದಷ್ಟೇ. ಅದು ಹೊಗಳಿಕೆಯಲ್ಲ, ಒಂದು ಅರಿವು. ನಡೆದುದನ್ನು ನಡೆದಂತೆಯೇ ಅರಿಯುವವನು ಎತ್ತಿನ ಕಾಲು ಮುರಿದುದನ್ನು ಮರೆಮಾಡಬೇಕಾಗಿಲ್ಲ. ಎತ್ತು ಬದುಕಿದುದನ್ನು ಮರೆಯಬೇಕಾಗಿಯೂ ಇಲ್ಲ. "ಕಾಲು ಮುರಿಯಿತಲ್ಲಾ" ಎಂದು ನೊಂದು ನುಡಿದರೆ ಕೃತಘ್ನತೆಯಾಗದು. "ಅವನಿಂದ ಆದದ್ದು ಕೇಡೇ" ಎಂದರೆ ಆಗುತ್ತದೆ.

ಹಾಗಾದರೆ ಉಪಕಾರಿಯ ಮನಸ್ಸು ಶುದ್ಧವಾಗಿದ್ದರೆ ಸಾಕೆ? ಪಂಚತಂತ್ರದ ಕಪಿಯ ಮನಸ್ಸೂ ಶುದ್ಧವಾಗಿಯೇ ಇದ್ದಿತು. ಮಲಗಿದ ಅರಸನ ಮೇಲೆ ಕುಳಿತ ನೊಣವನ್ನು ಓಡಿಸಲೆಂದು ಕತ್ತಿಯೆತ್ತಿ ಅದು ಅರಸನನ್ನೇ ಕೊಂದಿತು. ಅದೇ ಗ್ರಂಥದಲ್ಲಿ ಮುಂಗುಸಿಯ ಕಥೆಯೂ ಇದೆ. ಹಾವನ್ನು ಕೊಂದು ಕೂಸನ್ನುಳಿಸಿದ ಆ ಪ್ರಾಣಿಯ ಬಾಯಲ್ಲಿ ನೆತ್ತರು ಕಂಡೊಡನೆ, ಕೂಸಿನ ತಾಯಿ ಹಿಂದುಮುಂದು ನೋಡದೆ ಅದನ್ನು ಕೊಂದಳು. ಮೊದಲನೆಯದು ಉಪಕಾರ ಮಾಡಿದವನ ಅವಿವೇಕ. ಎರಡನೆಯದು ಉಪಕಾರ ಪಡೆದವರ ಅವಿವೇಕ. ಜನರು ಕಪಿಯ ಕಥೆಯನ್ನು ನಗುತ್ತ ಹೇಳುವರು. ಆದರೆ ಸಂಸಾರದಲ್ಲಿ ಹೆಚ್ಚಾಗಿ ನಡೆಯುವುದು ಮುಂಗುಸಿಯ ಕಥೆಯೇ.

ಕಾಯಿದೆಯನ್ನು ಬರೆದವರಿಗೂ ಈ ಕಗ್ಗಂಟು ಎದುರಾಗಿತ್ತು. 1860ರ ಭಾರತೀಯ ದಂಡಸಂಹಿತೆಯ 92ನೆಯ ಕಲಮಿನಲ್ಲಿ ಒಂದು ದೃಷ್ಟಾಂತವಿತ್ತು. ಒಬ್ಬನನ್ನು ಹುಲಿ ಎತ್ತಿಕೊಂಡು ಹೋಗುತ್ತಿದೆ. ಅವನನ್ನುಳಿಸುವ ಸಲುವಾಗಿ ಇನ್ನೊಬ್ಬನು, ಗುಂಡು ಅವನಿಗೇ ತಗುಲಬಹುದೆಂದು ಬಲ್ಲವನಾಗಿಯೂ, ಹುಲಿಗೆ ಗುರಿಯಿಡುತ್ತಾನೆ. ಗುಂಡು ಆ ಮನುಷ್ಯನಿಗೇ ತಗುಲಿ ಮಾರಣಾಂತಿಕ ಗಾಯವಾಗುತ್ತದೆ. ಹೊಡೆದವನು ಅಪರಾಧಿಯಲ್ಲವೆಂದು ಸಂಹಿತೆಯ ನಿರ್ಣಯ. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ತತ್ತ್ವವನ್ನು 30ನೆಯ ಕಲಮಿನಲ್ಲಿ ಉಳಿಸಿಕೊಂಡಿದೆ. ಆದರೆ ಸದ್ಭಾವವೆಂದರೇನೆಂಬಲ್ಲಿ ಹಳೆಯ ಸಂಹಿತೆಯ 52ನೆಯ ಕಲಮು ಒಂದು ಬಿಗಿ ಹಾಕಿತ್ತು: ತಕ್ಕಷ್ಟು ಎಚ್ಚರ ಮತ್ತು ಗಮನವಿಲ್ಲದೆ ಮಾಡಿದ ಕೆಲಸಕ್ಕೆ ಸದ್ಭಾವದ ಹೆಸರು ಸಲ್ಲದು. ಕಪಿಗೆ ಇಲ್ಲಿ ಬಿಡುಗಡೆಯಿಲ್ಲ. ಅದರಲ್ಲಿ ಪ್ರೀತಿ ಇದ್ದಿತು, ಎಚ್ಚರವಿರಲಿಲ್ಲ. ಶರಣರು ಅರಿವಿನೊಡನೆ ಆಚಾರವನ್ನು ಬೆಸೆದು ಹೇಳಿದುದರ ಹಿಂದೆಯೂ ಇಂಥದೇ ಎಚ್ಚರಿಕೆಯುಂಟು. ಒಳ್ಳೆಯ ಭಾವವು ಕೈಗೆ ಇಳಿಯುವಾಗ ಕೈಯ ನಡೆಯೂ ಸರಿಯಾಗಿರಬೇಕು.

ರಸ್ತೆಯಲ್ಲಿ ಬಿದ್ದವನನ್ನು ಎತ್ತುವವರ ವಿಷಯದಲ್ಲಿ ರಾಜ್ಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮೋಟಾರು ವಾಹನಗಳ ಕಾಯಿದೆಗೆ 2019ರ ತಿದ್ದುಪಡಿಯಿಂದ ಸೇರಿದ 134-ಎ ಕಲಮಿನಂತೆ, ಪ್ರತಿಫಲವನ್ನು ಬಯಸದೆ ತಾನಾಗಿ ಬಂದು ಅಪಘಾತದ ಗಾಯಾಳುವಿಗೆ ಸದ್ಭಾವದಿಂದ ನೆರವಾದವನ ಅಜಾಗರೂಕತೆಯಿಂದಲೇ ಹಾನಿಯಾದರೂ ಅವನ ಮೇಲೆ ದಾವೆಯೂ ಇಲ್ಲ, ದಂಡವೂ ಇಲ್ಲ. ಬೆನ್ನುಹುರಿಗೆ ಪೆಟ್ಟಾದವನನ್ನು ತಿಳಿಯದೆ ತೋಳು ಹಿಡಿದೆತ್ತಿದರೆ ಪೆಟ್ಟು ಹೆಚ್ಚಾದೀತು. ಎತ್ತದೆ ಬಿಟ್ಟರೆ ನೆತ್ತರು ಹರಿದು ಪ್ರಾಣವೇ ಹೋದೀತು. ಆ ಕ್ಷಣದಲ್ಲಿ ದಾರಿಹೋಕನಿಗೆ ವೈದ್ಯನ ವಿದ್ಯೆಯನ್ನು ಬೇಡುವುದು ನ್ಯಾಯವಲ್ಲ. ಪೊಲೀಸು, ಕಚೇರಿಗಳ ಭಯದಿಂದ ಜನರು ಮುಖ ತಿರುಗಿಸಿ ಹೋಗುತ್ತಿದ್ದುದೇ ಈ ರಕ್ಷಣೆಗೆ ಕಾರಣ.

ಹಳ್ಳದ ದಂಡೆಯಲ್ಲಿಯೂ ಅದನ್ನೇ ನೋಡಬೇಕು. ಮೇಲಿನಿಂದ ನೋಡಿ ನಡೆದವರನ್ನು ಎತ್ತಿನ ಬೆಲೆ ಕೊಡಿರೆಂದು ಯಾರೂ ಕೇಳಲಿಲ್ಲ. ಕೆಸರಿಗಿಳಿದವನಿಗೆ ಮಾತ್ರ ಹೊಣೆ ಎಂದಾದರೆ, ಇಳಿಯದಿರುವುದೇ ಜಾಣತನವೆಂದು ಊರು ತನ್ನ ಮಕ್ಕಳಿಗೆ ಕಲಿಸಿದಂತಾಯಿತು. ಇನ್ನು ಅಂದು ಹಗ್ಗವನ್ನು ಎಳೆದವರು ಇಬ್ಬರು. ಇನ್ನೊಬ್ಬನು ಎತ್ತಿನ ಒಡೆಯನೇ! ಕೆಸರು ತೋಡಬೇಕಾಗಿತ್ತೆಂಬ ವಿವೇಕವು ಬೆಳಗಿನ ಬೆಳಕಿನಲ್ಲಿ ಹುಟ್ಟಿದುದು. ಸಂಜೆ ನೀರು ಬರುತ್ತಿರುವಾಗ ಆ ಎತ್ತನ್ನು ಕರುವಿನಿಂದ ಸಾಕಿದವನಿಗೂ ಅದು ಹೊಳೆದಿರಲಿಲ್ಲ. ಒಡೆಯನು "ತಾಳಿರಿ, ಕಾಲು ಸಿಕ್ಕಿದೆ" ಎಂದು ಕೂಗುತ್ತಿದ್ದರೂ "ನನಗೆ ಗೊತ್ತು" ಎಂದು ದಾರಿಹೋಕನು ಜಗ್ಗಿದ್ದರೆ ಮಾತು ಬೇರೆ. ಆಗ ಅವನ ಮನಸ್ಸು ಎಷ್ಟೇ ಒಳ್ಳೆಯದಿದ್ದರೂ ನಷ್ಟದಲ್ಲಿ ಅವನ ಪಾಲನ್ನು ಕೇಳುವುದು ತಪ್ಪಲ್ಲ.

ಪ್ರೀತಿಯಿದ್ದ ಕಡೆ ಲೆಕ್ಕವಿರಬಾರದೆಂದು ಕೆಲವರು ಹೇಳುವುದುಂಟು. ಶರಣರ ನಡೆ ಹಾಗಿರಲಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಕಥೆ ಎಲ್ಲರಿಗೂ ತಿಳಿದುದೇ. ಅದು ಕದ್ದ ಅಕ್ಕಿಯಲ್ಲ. ಆದರೂ ತಮಗೆ ಸಲ್ಲುವಷ್ಟಕ್ಕಿಂತ ಮಿಗಿಲಾದುದು. ಉಳಿದ ಎತ್ತನ್ನೂ ಬಂಡಿಯನ್ನೂ ಮನೆಯಲ್ಲಿಟ್ಟುಕೊಂಡು, ಮುರಿದ ಕಾಲಿಗೆ ಮಾತ್ರ ಪೂರ್ಣ ಬೆಲೆ ಕಟ್ಟಿ ಪಡೆಯುವವನ ಚೀಲದಲ್ಲಿ ಇರುವುದೂ ಅಂಥದೇ ಅಕ್ಕಿ.

ಇಷ್ಟರಿಂದ ದಾರಿಹೋಕನಿಗೆ ಕರ್ತವ್ಯವೇನೂ ಉಳಿಯಲಿಲ್ಲವೆಂದು ತಿಳಿಯಬಾರದು. "ನಾನು ಬಾರದಿದ್ದರೆ ನಿನಗೆ ಏನೂ ಉಳಿಯುತ್ತಿರಲಿಲ್ಲ" ಎಂದು ಅವನು ಹೇಳಿದರೆ ಮಾತು ದಿಟವೇ. ರಾತ್ರಿ ಒಡೆಯನ ಬಾಯಲ್ಲಿ ಬಂದುದೂ ಅದೇ ಮಾತು. ಆದರೆ ಒಡೆಯನ ಬಾಯಲ್ಲಿ ಅದು ಕೃತಜ್ಞತೆ. ಉಪಕಾರಿಯ ಬಾಯಲ್ಲಿ ಅಹಂಕಾರ. ದಾಸೋಹವೆಂಬ ಪದದಲ್ಲಿಯೇ ನೀಡುವವನು ದಾಸನಾಗಿದ್ದಾನೆ. ತಪ್ಪಿಲ್ಲದವನಿಗೂ ನೋವಿನಲ್ಲಿ ಪಾಲುಂಟು. ಕೇಳಿ ಪಡೆಯಲು ಒಡೆಯನಿಗೆ ಹಕ್ಕಿಲ್ಲ. ಏನೂ ಆಗಲಿಲ್ಲವೆಂಬಂತೆ ಗಂಟನ್ನೆತ್ತಿಕೊಂಡು ನಡೆಯಲು ದಾರಿಹೋಕನ ಮನಸ್ಸು ಒಪ್ಪದು. ಇವೆರಡೂ ಏಕಕಾಲದಲ್ಲಿ ನಿಜವಾಗಿರಬಹುದು. ಅವನಲ್ಲಿ ಹಣವಿಲ್ಲದಿದ್ದರೆ ತೋಳುಗಳಿವೆ. ಎತ್ತಿನ ಕಾಲಿಗೆ ಪಟ್ಟಿ ಕಟ್ಟುವಾಗ ಹಿಡಿದುಕೊಳ್ಳಲು ಒಬ್ಬರು ಬೇಕು. ಕೆಸರಿನಲ್ಲಿಯೇ ಉಳಿದ ಬಂಡಿಯನ್ನು ನೀರಿಳಿದ ಮೇಲೆ ಎತ್ತಲು ಇಬ್ಬರು ಬೇಕು. ಎರಡು ದಿನ ನಿಂತು ಹೋದರೆ, ಯಾರೂ ಕೇಳದಿದ್ದರೂ, ಅವನಿಗೆ ಹಗುರಾದೀತು.

ಹಾಗಾದರೂ ಬಿತ್ತಿಗೆ ನಿಂತೇ ಇರುತ್ತದೆ. ಅದು ಒಬ್ಬ ದಾರಿಹೋಕನಿಂದ ತೀರುವ ಕೆಲಸವಲ್ಲ. ಮುಯ್ಯಾಳಿನ ರೂಢಿ ಇನ್ನೂ ಉಳಿದಿರುವ ಊರುಗಳಲ್ಲಿ, ಎತ್ತು ಕುಂಟಾದ ಮನೆಗೆ ನೆರೆಯವರು ತಮ್ಮ ಎತ್ತುಗಳನ್ನು ತಂದು ಕೂರಿಗೆ ಹೂಡಿ ಬಿತ್ತಿಕೊಡುವುದುಂಟು. ಬೆಲೆ ಕಟ್ಟಲೆಂದು ಆ ಬೆಳಗ್ಗೆ ಕಟ್ಟೆಯ ಮೇಲೆ ಕುಳಿತಿದ್ದ ನೆಂಟರಿಷ್ಟರ ಕೊಟ್ಟಿಗೆಗಳಲ್ಲಿ ಎತ್ತುಗಳು ಮೇವು ತಿನ್ನುತ್ತ ಸುಮ್ಮನೆ ನಿಂತಿದ್ದುವು.